ಎಂಟನೆಯ ಸುಂಕದ ಕಟ್ಟೆ

ಜಪಾನ್ ದೇಶದಲ್ಲಿ ಕಣಿವೆಗೊಬ್ಬ ಒಡೆಯ, ಒಡೆಯನಿಗೊಂದು ಕೋಟೆ ಇದ್ದ ಕಾಲ. ತಾದಮಿತ್ಸು ಎಂಬ ಒಡೆಯನ ಸೀಮೆ ಎಷ್ಟು ಚಿಕ್ಕದೆಂದರೆ, ಈ ತುದಿಯಲ್ಲಿ ಸೀನಿದರೆ ಆ ತುದಿಯವರು ‘ನೂರು ವರ್ಷ ಬಾಳು’ ಎನ್ನುತ್ತಿದ್ದರು. ಆದರೂ ಬಂದರಿನಿಂದ ಕೋಟೆಗೆ ಬರುವ ದಾರಿಯೊಂದರಲ್ಲೇ ಏಳು ಸುಂಕದ ಕಟ್ಟೆ ಹಾಕಿಸಿದ್ದ.

“ನನ್ನ ಸೀಮೆಯಲ್ಲಿ ಗಾಳಿಯೂ ಸುಂಕ ಕೊಡದೆ ದಾಟುವುದಿಲ್ಲ!” ಎಂದು ಮೀಸೆ ತಿರುವಿದ ಒಡೆಯ, ಕರಣಿಕ ಜಿನ್ಸುಕೆಯತ್ತ ತಿರುಗಿದ. “ಎಂಟನೆಯ ಕಟ್ಟೆಗೆ ಜಾಗ ಹುಡುಕು. ಹುಣ್ಣಿಮೆಯೊಳಗೆ ಹುಡುಕದಿದ್ದರೆ ನಿನ್ನ ಕೆಲಸ ಹೋಯಿತು ಅಂದುಕೋ.”

ಜಿನ್ಸುಕೆ ತಲೆ ಕೆರೆದುಕೊಂಡ. ಅವತ್ತು ಬೆಳಿಗ್ಗೆಯಷ್ಟೇ ಉಪ್ಪು ಮಾರುವ ಮಾಸ ಎಂಬ ಅಜ್ಜಿ ಅವನ ಜಗಲಿಯಲ್ಲಿ ಕೂತು ಅತ್ತಿದ್ದಳು. ಬಂದರಿನಿಂದ ಉಪ್ಪು ಹೊತ್ತು ಅದೇ ದಾರಿಯಲ್ಲಿ ಬೆಟ್ಟದ ಹಳ್ಳಿಗೆ ಒಯ್ಯುವುದು ಅವಳ ಕಸುಬು. ಕಟ್ಟೆಗೊಂದು ಹಿಡಿ ಉಪ್ಪು ಸುಂಕ. ಕಾವಲುಗಾರರ ಕೈಯೋ ಮೊರದಷ್ಟು ಅಗಲ.

“ಹೊರಟಾಗ ಬುಟ್ಟಿ ತುಂಬ ಉಪ್ಪು ಮಗಾ, ತಲುಪಿದಾಗ ಬರೀ ಬುಟ್ಟಿ. ಮೂಲಂಗಿಯನ್ನು ಉಪ್ಪಿಗೆ ಹಾಕುವುದು ಹೇಗೆ? ಹಿಮ ಬಿದ್ದಮೇಲೆ ಊರವರು ಏನು ತಿನ್ನಬೇಕು?”

“ಕಟ್ಟೆಯವರಿಗೆ ಹೇಳಿ ನೋಡಿದೆಯಾ ಅಜ್ಜಿ?”

“ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಹಿಡಿ ತೆಗೆದುಕೊಂಡರು!”

ಅದನ್ನು ನೆನೆಯುತ್ತಿದ್ದಂತೆ ಜಿನ್ಸುಕೆಗೆ ಒಂದು ಉಪಾಯ ಹೊಳೆಯಿತು.

“ಜಾಗ ಹುಡುಕುತ್ತೇನೆ ಒಡೆಯರೇ. ಒಂದೇ ಅನುಮಾನ. ಸುಂಕ ಎಲ್ಲರಿಗೂ ಉಂಟಲ್ಲವೇ?”

“ಎಲ್ಲರಿಗೂ! ಸತ್ತ ನಮ್ಮಪ್ಪ ಎದ್ದು ಬಂದರೂ ಸುಂಕ!”

“ತಮ್ಮದೇ ಸರಕು ಬಂದರೆ?”

“ನನ್ನದಕ್ಕೂ! ಬಿಟ್ಟು ಕಳಿಸಿದ ಕಾವಲುಗಾರನ ಜುಟ್ಟು ಕತ್ತರಿಸುತ್ತೇನೆ. ಬರೆದುಕೋ!”

ಜಿನ್ಸುಕೆ ಬರೆದುಕೊಂಡ, ಮೊಹರು ಹಾಕಿಸಿಕೊಂಡ. ಏಳು ಕಟ್ಟೆಗೂ ಹೋಗಿ ತಾನೇ ಓದಿ ಹೇಳಿದ. ಕಾವಲುಗಾರರೆಲ್ಲ ಜುಟ್ಟು ಮುಟ್ಟಿ ನೋಡಿಕೊಂಡರು.

ಹುಣ್ಣಿಮೆಯ ದಿನ ಪಕ್ಕದ ಸೀಮೆಯ ಒಡೆಯ ನೊಬುಹಿರೊ ಊಟಕ್ಕೆ ಬಂದ. ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಅವನು. ಆ ನಾಡಿನಲ್ಲಿ ‘ತಾಯ್’ ಎಂಬ ಕೆಂಪು ಮೀನಿಲ್ಲದೆ ಔತಣವೇ ಇಲ್ಲ. ಎಳೆಗರುವಿನಷ್ಟು ದೊಡ್ಡ ಮೀನನ್ನು ಬಂದರಿನಲ್ಲೇ ಸುಟ್ಟು, ನಾಲ್ವರು ಹೊತ್ತು ತರುವ ಏರ್ಪಾಡಾಗಿತ್ತು. ತರಿಸುವ ಹೊಣೆ ಜಿನ್ಸುಕೆಯದು.

“ಇಂಥ ಮೀನನ್ನು ನೀವು ಕನಸಿನಲ್ಲೂ ಕಂಡಿರಲಾರಿರಿ!” ಎಂದು ತಾದಮಿತ್ಸು ತಾನೇ ತಟ್ಟೆಯ ಮುಚ್ಚಳ ತೆಗೆದ.

ಒಳಗೆ ಒಂದು ತಲೆ, ಒಂದು ಬಾಲ. ನಡುವೆ ಬಾಚಣಿಗೆಯಂಥ ಮೂಳೆ.

“ಮೀನೆಲ್ಲೋ?” ಒಡೆಯ ಕಿರುಚಿದ.

“ಸುಂಕ ಕಟ್ಟಿಕೊಂಡು ಬಂದಿದೆ ಒಡೆಯರೇ,” ಎಂದ ಜಿನ್ಸುಕೆ. “ಮೊದಲ ಕಟ್ಟೆಯವನು ಹೊಟ್ಟೆಯ ಭಾಗ ತೆಗೆದುಕೊಂಡ. ಎರಡನೆಯವನು ಬೆನ್ನು. ಮೂರನೆಯವನ ಮನೆಯಲ್ಲಿ ನೆಂಟರಿದ್ದರಂತೆ, ಕೇಳಬೇಡಿ. ಆರನೆಯವನು ಮೂಳೆ ಕೆರೆದ. ಏಳನೆಯವನಿಗೆ ಏನೂ ಉಳಿದಿರಲಿಲ್ಲ. ಪಾಪ, ಜುಟ್ಟಿನ ಭಯ! ಎರಡೂ ಕಣ್ಣು ಕಿತ್ತುಕೊಂಡ.”

“ನನ್ನ ಮೀನು ಅಂತ ಹೇಳಲಿಲ್ಲವೇನೋ?”

“ಹೇಳಿದೆವು. ತಮ್ಮ ಮೊಹರು ತೋರಿಸಿ ಇನ್ನೊಂದು ತುಂಡು ತೆಗೆದುಕೊಂಡರು. ಉಪ್ಪಿನ ಅಜ್ಜಿಗೂ ದಿನಾ ಇದೇ ಆಗುತ್ತದೆ. ಅವಳ ಬುಟ್ಟಿಯನ್ನೇ ನಂಬಿ ಬೆಟ್ಟದ ಮೇಲೆ ಒಂದು ಊರು ಕೂತಿದೆ.”

ತಾದಮಿತ್ಸು ಕೆಂಪಾದ. ಮಾತು ತಪ್ಪಿಸಲು ಗುಡುಗಿದ: “ಅದಿರಲಿ! ಎಂಟನೆಯ ಕಟ್ಟೆಗೆ ಜಾಗ ಹುಡುಕಿದೆಯಾ?”

“ಹುಡುಕಿದೆ ಒಡೆಯರೇ. ತಮ್ಮ ಬಾಯಿ. ಆದರೆ ಮೊದಲ ಏಳು ಇರುವ ತನಕ ಅಲ್ಲಿಗೆ ಏನೂ ಬಂದು ಸೇರುವುದಿಲ್ಲ.”

ಮೊದಲು ನೊಬುಹಿರೊನ ಹೊಟ್ಟೆ ನಕ್ಕಿತು, ಆಮೇಲೆ ಅವನು. ಅತಿಥಿ ನಕ್ಕ ಮೇಲೆ ಒಡೆಯ ಎಷ್ಟು ಹೊತ್ತು ಮುಖ ಗಂಟು ಹಾಕಿಕೊಂಡಿರಲು ಸಾಧ್ಯ? ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲೇ ಆರು ಕಟ್ಟೆ ಕೀಳಿಸಿದ, ಅಜ್ಜಿಯ ಉಪ್ಪಿಗೆ ಸುಂಕ ಮಾಫಿ ಮಾಡಿದ. ಆ ಚಳಿಗಾಲ ಬೆಟ್ಟದ ಮೇಲೆ ಮನೆಮನೆಯ ಪೀಪಾಯಿಯಲ್ಲೂ ಉಪ್ಪು ಹಾಕಿದ ಮೂಲಂಗಿ ತುಂಬಿತ್ತು.

ಜಿನ್ಸುಕೆಗೆ ಒಡೆಯ ಬಂದರಿನಲ್ಲಿ ಒಂದು ಇಡೀ ಮೀನು ಬಹುಮಾನ ಕೊಡಿಸಿದ. ದಾರಿಯಲ್ಲಿ ಇನ್ನೂ ಒಂದು ಕಟ್ಟೆ ಉಳಿದಿತ್ತಲ್ಲ; ಅವನು ಮೀನನ್ನು ತಲೆಯ ಮೇಲಿಟ್ಟುಕೊಂಡು, ಪಕ್ಕದ ಹೊಳೆಗಿಳಿದು ಈಜಿಕೊಂಡು ಮನೆಗೆ ಹೋದ.