ಬಾವಿ ಮನೆಯ ಬಾಟಲಿ ನೀರು

"ಗುರುಗಳೇ, ಪ್ರತಿ ಸೋಮವಾರ ನಿಮ್ಮ ಮುಂದೆ ಕೂತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತೇನೆ. ನೀವು ಹೇಳಿದ ಜಪ, ಮೌನ, ಉಪವಾಸ ಒಂದನ್ನೂ ಬಿಟ್ಟಿಲ್ಲ. ಆದರೂ ಒಳಗಿನ ಕುದಿ ಇಳಿದಿಲ್ಲ. ನಿಮ್ಮ ಉಪದೇಶವೇ ನನಗೆ ಹತ್ತುತ್ತಿಲ್ಲವೇ?"

ಶಿಷ್ಯ ಮರುಳಸಿದ್ಧ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಪ್ರಶ್ನೆಯಲ್ಲಿ ಸ್ವಲ್ಪ ದೂರು ಇತ್ತು. ಗುರುಗಳಿಗೆ ಅದು ಗೊತ್ತಾಗದೆ ಇರಲಿಲ್ಲ. ಅವರು ಬೇಸರಿಸದೆ ಒಂದು ಹಿಡಿ ಕಡಲೆಕಾಯಿಯನ್ನು ಅವನ ಮುಂದೆ ಸರಿಸಿ, "ಕೈ ಸುಮ್ಮನೆ ಇರಬಾರದು, ಸುಲಿಯುತ್ತಾ ಕೇಳು" ಎಂದು ಕತೆ ತೆಗೆದರು.

ಒಂದು ಊರು. ಆ ಊರಿನಲ್ಲಿ ಒಬ್ಬ ರೈತ ಹೆಂಗಸು. ಹೆಸರು ಬೇಕೆಂದರೆ ಕೆಂಚಮ್ಮ ಎಂದಿಟ್ಟುಕೋ. ಅವಳ ಮಾವ ತೋಡಿಸಿದ ಬಾವಿ ಹಿತ್ತಿಲಲ್ಲಿತ್ತು. ಅರ್ಧ ಕೇರಿ ಅದೇ ನೀರು ಕುಡಿಯುತ್ತಿತ್ತು. ಹಾಗಾಗಿ ಊರೆಲ್ಲ ಅವಳನ್ನು ಬಾವಿ ಮನೆ ಕೆಂಚಮ್ಮ ಎಂದೇ ಕರೆಯುತ್ತಿತ್ತು. ಆ ಹೆಸರು ಕಿವಿಗೆ ಬಿದ್ದರೆ ಅವಳಿಗೆ ಊಟದಲ್ಲಿ ಎರಡು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು. "ನಮ್ಮ ಬಾವಿ ನೀರಲ್ಲಿ ಬೇಳೆ ಹಾಕಿ ನೋಡಿ, ಬೆಣ್ಣೆ ಹಾಗೆ ಬೇಯ್ತದೆ" ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುವಷ್ಟು ಜಂಬ. ಜಂಬ ಇರಲಿ ಬಿಡು, ಆಕೆ ಯಾರಿಗೂ ನೀರು ಇಲ್ಲ ಎಂದವಳಲ್ಲ.

ಆ ಊರಿಗೆ ಇನ್ನೊಂದು ನೀರೂ ಇತ್ತು. ಗುಡ್ಡದ ಮೇಲೆ ಬಂಡೆಗಳ ನಡುವೆ ಒಂದು ದೊಣೆ. ಬಂಡೆಯ ಸಂದಿನಿಂದ ಒಸರುವ ನೀರು, ಎಳನೀರಿನಂಥ ನೀರು. ಆದರೆ ಹತ್ತಿ ಇಳಿಯುವಷ್ಟರಲ್ಲಿ ಮೊಣಕಾಲು ಮಾತಾಡುತ್ತಿದ್ದವು. ದಿನವೂ ತರಲು ಯಾರಿಂದಾದೀತು? ಅದಕ್ಕೇ ಊರಿನಲ್ಲಿ ಒಂದು ಪದ್ಧತಿ ಬಂದಿತ್ತು. ಹೆಣ್ಣು ನೋಡಲು ಗಂಡಿನ ಕಡೆಯವರು ಬಂದರೆ, ಬೀಗರು ಬಂದರೆ, ಅವರ ಮುಂದೆ ಬೆಲ್ಲದ ಜೊತೆ ದೊಣೆಯ ನೀರು ಇಡಬೇಕು. ಮನೆಯವರಿಗೆ ಮನೆಯ ಬಾವಿ, ನೆಂಟರಿಗೆ ದೊಣೆ. ಬಂದವರೆಲ್ಲ "ಆಹಾ, ಎಂಥ ನೀರಪ್ಪ ನಿಮ್ಮೂರಿನದು" ಎಂದು ಹೊಗಳಿ ಹೋಗುತ್ತಿದ್ದರು. ಮದುವೆಯಾಗಿ ಬಂದ ಸೊಸೆಯರಿಗೆ ಮಾತ್ರ ನಿಜ ಗೊತ್ತಾಗುತ್ತಿತ್ತು. ಅಷ್ಟು ಹೊತ್ತಿಗೆ ಅವರೂ ಊರಿನವರಾಗಿಬಿಟ್ಟಿರುತ್ತಿದ್ದರು.

ಕೆಂಚಮ್ಮನಿಗೆ ಒಬ್ಬಳು ಮೊಮ್ಮಗಳು. ಪುಟ್ಟಿ ಎಂದು ಕರೆಯುತ್ತಿದ್ದಳು. ಅಜ್ಜಿಯ ಜೀವವೆಲ್ಲ ಆ ಮಗುವಿನಲ್ಲಿತ್ತು. ಆದರೆ ಆ ವರ್ಷ ಪುಟ್ಟಿಯ ಹೊಟ್ಟೆಯಲ್ಲಿ ತಿಂದದ್ದು ನಿಲ್ಲುತ್ತಿರಲಿಲ್ಲ. ವಾರ ಚೆನ್ನಾಗಿದ್ದರೆ ಮರುವಾರ ಭೇದಿ. ಕೆನ್ನೆ ಬತ್ತಿತು, ಕಾಲು ಕಡ್ಡಿಯಾಯಿತು. ಅಜ್ಜಿ ದೃಷ್ಟಿ ತೆಗೆದಳು, ಹರಕೆ ಹೊತ್ತಳು. ಪಟ್ಟಣದ ಡಾಕ್ಟರು ಔಷಧ ಕೊಟ್ಟು, "ಒಂದು ಸಲ ಕುಡಿಯುವ ನೀರು ಪರೀಕ್ಷೆ ಮಾಡಿಸಿಯಮ್ಮ" ಎಂದರು. ಕೆಂಚಮ್ಮನಿಗೆ ಎಲ್ಲಿತ್ತೋ ಕೋಪ! "ನಮ್ಮ ಬಾವಿ ನೀರು ಕುಡಿದೇ ನಾನು ಆರು ಹೆತ್ತಿದ್ದೀನಿ ಸ್ವಾಮಿ" ಎಂದು ಎದ್ದು ಬಂದಳು. ಬಸ್ಸಿನಲ್ಲಿ ಬರುವಾಗ ಮಾತ್ರ ಮಗುವನ್ನು ಅವುಚಿಕೊಂಡು ಅತ್ತಳು.

ಅದೇ ಹೊತ್ತಿಗೆ ಆ ಸೀಮೆಯ ನೀರನ್ನೆಲ್ಲ ಪರೀಕ್ಷಿಸಲು ಸರ್ಕಾರದ ಕಡೆಯಿಂದ ಒಬ್ಬ ಹುಡುಗಿ ಬಂದಳು. ನೆಲದಡಿಯ ನೀರು, ಕೆರೆಕಟ್ಟೆಯ ನೀರು, ಎರಡರ ಗುಣ ದೋಷ ಕಂಡುಹಿಡಿಯುವ ಓದು ಓದಿದ್ದವಳು. ಊರವರು ಅವಳಿಗೆ ನೀರಮ್ಮ ಎಂದು ಹೆಸರಿಟ್ಟರು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲುದ್ದ ಕೆರೆಗಿಳಿದು, ದಡದ ಪಾಚಿ ಬಿಟ್ಟು ಆಚೆಯ ನೀರು ತುಂಬಿಕೊಂಡು, ಅದನ್ನು ಐಸು ತುಂಬಿದ ಪೆಟ್ಟಿಗೆಯೊಳಗೆ ಇಟ್ಟಳು. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಇದು ಒಳ್ಳೆಯ ತಮಾಷೆ.

"ಹಾಲಿಗೆ ನೀರು ಹಾಕಿದ್ದಾರಾ ಅಂತ ನೋಡೋರು ದಿನಾ ಬರ್ತಾರೆ," ಎಂದ ಒಬ್ಬ ಮುದುಕ, "ನೀರಿಗೆ ಏನು ಹಾಕಿದ್ದಾರೆ ಅಂತ ನೋಡೋರನ್ನ ಇವತ್ತೇ ಕಂಡಿದ್ದು."

ನೀರಮ್ಮನೂ ನಕ್ಕಳು. ಬಾವಿ ಇದ್ದ ಮನೆಗಳಿಗೆಲ್ಲ ಒಂದೊಂದು ಬಾಟಲಿ ಕೊಟ್ಟಳು. "ಅಮ್ಮಂದಿರಾ, ಇದನ್ನ ತೊಳೀಬೇಡಿ. ಒಳಗೆ ಬೆರಳು ಹಾಕಬೇಡಿ. ನಿಮ್ಮ ಬಾವಿ ನೀರು ಹೇಗಿದೆಯೋ ಹಾಗೇ ತುಂಬಿ, ನಾಳೆ ಬೆಳಿಗ್ಗೆ ತನ್ನಿ" ಎಂದಳು. ಸುತ್ತ ಊರುಗಳು ಬಹಳ, ಇವಳು ಒಬ್ಬಳು. ಜನರನ್ನು ನಂಬಿದಳು.

ತೊಳೆಯದ ಬಾಟಲಿಯಲ್ಲಿ ಪರಸ್ಥಳದವರಿಗೆ ನೀರು ಕೊಡುವುದೇ? ಅಷ್ಟು ಕೆಟ್ಟುಹೋದ ಮನೆತನ ಆ ಊರಿನಲ್ಲಿ ಒಂದೂ ಇರಲಿಲ್ಲ! ಎಲ್ಲ ಮನೆಗಳಲ್ಲೂ ಹುಣಸೆಹಣ್ಣು, ಬೂದಿ ಹಚ್ಚಿ ಬಾಟಲಿ ತಿಕ್ಕಿದ್ದೇ ತಿಕ್ಕಿದ್ದು. ಒಬ್ಬಳು ಹೊಸ ಬಟ್ಟೆಯಲ್ಲಿ ನೀರು ಸೋಸಿದಳು. ಒಬ್ಬಳು ಎರಡು ದಳ ತುಳಸಿ ಹಾಕಿದಳು. ಇನ್ನೊಬ್ಬಳು, ಮಹಾತಾಯಿ, ಏಲಕ್ಕಿ ಜಜ್ಜಿ ಹಾಕಿದಳು.

ಕೆಂಚಮ್ಮ ಬಾಟಲಿ ಹಿಡಿದು ಬಾವಿಕಟ್ಟೆಯ ಹತ್ತಿರ ಬಹಳ ಹೊತ್ತು ನಿಂತಳು. ಡಾಕ್ಟರ ಮಾತು ಎದೆಯಲ್ಲಿ ಚುಚ್ಚುತ್ತಿತ್ತು. ನೀರಿನಲ್ಲಿ ಏನಾದರೂ ಇದ್ದು, ಅದು ಊರೆಲ್ಲ ಗೊತ್ತಾದರೆ? ಬಾವಿ ಮನೆಯ ಮಾನ ಏನಾದೀತು? ಹಗ್ಗಕ್ಕೆ ಕೈ ಹಾಕಿದಳು, ಬಿಟ್ಟಳು. "ದೊಣೆಯಾದರೇನು, ಬಾವಿಯಾದರೇನು, ಎರಡೂ ಭೂಮಿತಾಯಿ ಕೊಟ್ಟದ್ದೇ ತಾನೆ" ಎಂದು ತನಗೆ ತಾನೇ ಹೇಳಿಕೊಂಡು ಗುಡ್ಡ ಹತ್ತಿದಳು. ಹತ್ತಿ ನೋಡಿದರೆ ದೊಣೆಯ ಹತ್ತಿರ ಜನವೋ ಜನ! ಊರಿನ ಬಾವಿಯವರೆಲ್ಲ ಅಲ್ಲೇ ಇದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ಸೌದೆಗೆ ಬಂದೆ ಕಣಕ್ಕಾ" ಎಂದಳೊಬ್ಬಳು. "ನಾನೂ ಅಷ್ಟೇ" ಎಂದಳು ಕೆಂಚಮ್ಮ.

ಇಲ್ಲಿ ಮರುಳಸಿದ್ಧನಿಗೆ ನಗು ತಡೆಯಲಾಗಲಿಲ್ಲ. ಕಡಲೆಬೀಜ ನೆತ್ತಿಗೆ ಹತ್ತಿ ಕೆಮ್ಮಿದ. ಗುರುಗಳು ಅವನ ಬೆನ್ನಿಗೆ ಎರಡು ಗುದ್ದಿ ಕತೆ ಮುಂದುವರಿಸಿದರು.

ಕೆಲವು ದಿನದ ಮೇಲೆ ನೀರಮ್ಮ ಫಲಿತಾಂಶ ತಂದಳು. ತುಳಸಿಯ ಬಾಟಲಿ, ಏಲಕ್ಕಿಯ ಬಾಟಲಿ ಪರೀಕ್ಷೆಗೆ ಲಾಯಕ್ಕಾಗಲಿಲ್ಲ. ಮಿಕ್ಕ ಬಾವಿಗಳ ನೀರು ಬಲು ಒಳ್ಳೆಯದು ಎಂದಳು. ಕೆಂಚಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಯಲ್ಲಿ ಎದೆಯುಬ್ಬಿಸಿ ನಡೆದಳು. ಕೇರಿಗೆಲ್ಲ ಬೆಲ್ಲ ಹಂಚಿದಳು. ನೋಡು ಮರುಳಸಿದ್ಧ, ಮನುಷ್ಯ ತಾನೇ ಹೇಳಿದ ಸುಳ್ಳನ್ನು ಇನ್ನೊಬ್ಬರ ಬಾಯಿಂದ ಕೇಳಿದರೆ ನಂಬಿಬಿಡುತ್ತಾನೆ. ಕೆಂಚಮ್ಮನೂ ನಂಬಿದಳು. ಮನೆಗೆ ಬಂದು ಬಾವಿಯಿಂದ ತಣ್ಣನೆಯ ನೀರು ಸೇದಿ, ಲೋಟದ ತುಂಬ ಮೊಮ್ಮಗಳಿಗೆ ಕುಡಿಸಿದಳು. "ಕುಡಿ ಮಗಾ, ಸರ್ಕಾರವೇ ಒಳ್ಳೇದು ಅಂದಿದೆ" ಎಂದಳು.

ಆ ವಾರ ಪುಟ್ಟಿ ಹಾಸಿಗೆ ಹಿಡಿದಳು. ಕಣ್ಣು ಗುಳಿ ಬಿದ್ದವು. ಅಜ್ಜಿ ಎಂದು ಕರೆಯಲೂ ಮಗುವಿಗೆ ತ್ರಾಣವಿರಲಿಲ್ಲ. ಡಾಕ್ಟರು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಉಳಿಸಿಕೊಟ್ಟರು. ಮಗುವನ್ನು ಮನೆಗೆ ಕರೆತಂದವಳೇ ಕೆಂಚಮ್ಮ ನೀರಮ್ಮನನ್ನು ಹುಡುಕಿಕೊಂಡು ಪಕ್ಕದೂರಿಗೆ ಹೋದಳು. ಬಾಯಿಗೆ ಬಂದಂತೆ ಬೈದಳು. "ನಿನ್ನ ಓದಿಗಿಷ್ಟು ಬೆಂಕಿ ಹಾಕ! ಒಳ್ಳೇ ನೀರು ಅಂದೆಯಲ್ಲೇ, ನನ್ನ ಮೊಮ್ಮಗಳು ಸಾಯೋದರಲ್ಲಿದ್ದಳು!"

ನೀರಮ್ಮ ತಲೆ ತಗ್ಗಿಸಿ ಎಲ್ಲ ಕೇಳಿದಳು. "ತಪ್ಪು ನನ್ನದೂ ಇದೆ ಅಜ್ಜಿ. ಎಲ್ಲಾ ಬಾವಿ ನೀರೂ ಒಂದೇ ಸಮ ಬಂತು. ನೆಲದಡಿ ಒಂದೇ ಸೆಲೆ ಇರಬೇಕು ಅಂದುಕೊಂಡೆ. ನಾನೇ ಬಂದು ನೋಡಬೇಕಾಗಿತ್ತು. ನಡೀರಿ, ಈಗಲೇ ನೋಡೋಣ" ಎಂದು ಚೀಲ ಹೆಗಲಿಗೇರಿಸಿದಳು.

ಕೆಂಚಮ್ಮನ ಕೋಪ ಅಲ್ಲಿಗೇ ಇಳಿಯಿತು, ಭಯ ಏರಿತು. ಮನೆ ಹತ್ತಿರ ಬಂದ ಕೂಡಲೇ ಮುಂದೆ ಓಡಿದಳು. "ತಡಿಯಮ್ಮ, ಒಂದು ಗಳಿಗೆ ಜಗಲಿ ಮೇಲೆ ಕೂತಿರು. ಬಾವಿಕಟ್ಟೆ ತೊಳೆದು, ಒಂದೆಳೆ ರಂಗೋಲಿ ಬಿಟ್ಟು ಕರೀತೀನಿ."

ನೀರಮ್ಮ ಅವಳ ಕೈಯಿಂದ ಪೊರಕೆ ತೆಗೆದುಕೊಂಡಳು. "ಅಜ್ಜೀ, ನಾನು ಹೆಣ್ಣು ನೋಡೋಕೆ ಬಂದಿಲ್ಲ, ನೀರು ನೋಡೋಕೆ ಬಂದಿದ್ದೀನಿ."

ಹಿತ್ತಿಲಿಗೆ ಹೋದರೆ, ಬಾವಿಯ ಮಗ್ಗುಲಲ್ಲೇ ಏರಿನ ಮೇಲೆ ತಿಪ್ಪೆ. ಕೊಟ್ಟಿಗೆಯ ಸಗಣಿ ಹೊತ್ತು ದೂರ ಹೋಗುವುದೇಕೆಂದು ಅಲ್ಲಿಯೇ ಹಾಕುತ್ತಿದ್ದರು. ನೀರಮ್ಮ ತಿಪ್ಪೆಯನ್ನು ನೋಡಿದಳು, ಬಾವಿಯನ್ನು ನೋಡಿದಳು. ನೀರು ಸೇದಿ, ತಳದಲ್ಲಿ ಒಂದಿಷ್ಟು ಔಷಧವಿದ್ದ ಸಣ್ಣ ಗಾಜಿನ ಶೀಶೆಗೆ ತುಂಬಿದಳು. "ಇದನ್ನ ಬೆಚ್ಚಗಿರೋ ಕಡೆ ಇಡಿ. ನೀರು ಕೆಟ್ಟಿದ್ದರೆ ಇದು ಕಪ್ಪಾಗುತ್ತೆ. ನಾಳೆ ಹೊತ್ತಿಗೆ ಗೊತ್ತಾಗುತ್ತೆ, ನಾನೇ ಬಂದು ನೋಡ್ತೀನಿ. ಅಲ್ಲಿವರೆಗೆ ಮಗೂಗೆ ಕುದಿಸಿ ಆರಿಸಿದ ನೀರು ಕೊಡಿ" ಎಂದು ಅಂಥದೇ ಔಷಧವಿದ್ದ, ನೀರು ತುಂಬದ ಇನ್ನೊಂದು ಶೀಶೆಯನ್ನೂ ಕೊಟ್ಟಳು. ಮೊದಲನೆಯದು ಒಡೆದರೆ ಇರಲಿ ಎಂದು.

ಕೆಂಚಮ್ಮ ಶೀಶೆಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟು, ಮೊಟ್ಟೆಗೆ ಕಾವು ಕೂತ ಕೋಳಿಯ ಹಾಗೆ ಅಲ್ಲೇ ಕೂತಳು. ಮರುದಿನ ಬೆಳಿಗ್ಗೆ ನೋಡಿದರೆ ಶೀಶೆ ಕಪ್ಪಗಾಗಿತ್ತು. ಹಂಚಿಗೆ ಹಿಡಿದ ಮಸಿಯಷ್ಟು ಕಪ್ಪು.

ನೀರು ತುಂಬದ ಶೀಶೆ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ನೆಂಟರಿಗೆಂದು ತಂದಿಟ್ಟ ದೊಣೆಯ ನೀರು ಗಡಿಗೆಯಲ್ಲಿತ್ತು. ನೀರಮ್ಮ ಬರಲು ಇನ್ನೂ ಹೊತ್ತಿತ್ತು. ಕಪ್ಪು ಶೀಶೆಯನ್ನು ಬಚ್ಚಲಿಗೆ ಚೆಲ್ಲಿದರೆ ಕೇಳುವವರು ಯಾರು? ಕೆಂಚಮ್ಮನ ಕೈ ಗಡಿಗೆಯ ಕಡೆಗೆ ಹೋಯಿತು. ಸುಳ್ಳು ಹೇಳುವುದಿಲ್ಲ, ಹೋಯಿತು.

ಒಳಗಿನಿಂದ ಪುಟ್ಟಿ ಎದ್ದು ಬಂದು ಬಾಗಿಲು ಹಿಡಿದು ನಿಂತಳು. ನಿಲ್ಲಲೂ ಕಾಲು ನಡುಗುತ್ತಿದ್ದವು. "ಅಜ್ಜೀ, ನೀರು" ಎಂದಳು.

ಕೆಂಚಮ್ಮ ಕೈ ಹಿಂದಕ್ಕೆ ತೆಗೆದಳು. "ಮನೆ ದೀಪ ಅಂತ ಮುತ್ತಿಟ್ಟರೆ ಸುಡದೇ ಬಿಡ್ತದಾ?" ಎಂದು ತನ್ನನ್ನೇ ಬೈದುಕೊಂಡಳು. ಮಗುವಿಗೆ ಕುದಿಸಿ ಆರಿಸಿದ ನೀರು ಕುಡಿಸಿದಳು. ಆಮೇಲೆ ಕಪ್ಪು ಶೀಶೆಯನ್ನು ಕೈಯಲ್ಲಿ ಹಿಡಿದು, ಸೆರಗಿನಲ್ಲಿ ಮುಚ್ಚದೆ, ನಡುಬೀದಿಯಲ್ಲಿ ನಡೆದು ಹಾಲಿನ ಡೈರಿಯ ಮುಂದೆ ಹೋಗಿ ನಿಂತಳು. ಊರೆಲ್ಲ ಕ್ಯಾನು ಹಿಡಿದು ಅಲ್ಲೇ ಇತ್ತು.

"ನೋಡಿ, ಇದು ಬಾವಿ ಮನೆ ಕೆಂಚಮ್ಮನ ನೀರು" ಎಂದಳು. "ಬಾಟಲಿಯಲ್ಲಿ ಕೊಟ್ಟಿದ್ದು ದೊಣೇದು. ಮಗೂಗೆ ಕುಡಿಸಿದ್ದು ಇದು. ನಮ್ಮ ಬಾವಿ ನೀರು ಒಯ್ಯೋರೆಲ್ಲ ಇವತ್ತಿಂದ ಕುದಿಸಿ ಕುಡೀರಪ್ಪಾ."

ಯಾರೂ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಎಲ್ಲರೂ ಅತ್ತಿತ್ತ ನೋಡಿದರು. ಆಮೇಲೆ ಗುಡ್ಡದ ಮೇಲೆ ಸೌದೆಗೆ ಬಂದವಳು ಮೆಲ್ಲಗೆ, "ನಮ್ಮದೂ ದೊಣೇದೇ ಕಣಕ್ಕಾ" ಎಂದಳು. ಅವಳ ಹಿಂದೆ ಇನ್ನೊಬ್ಬಳು. ನೀರಮ್ಮ ಬರುವಷ್ಟರಲ್ಲಿ ಊರಿಗೆ ಊರೇ ಒಪ್ಪಿಕೊಂಡು, ಒಬ್ಬರನ್ನೊಬ್ಬರು ಹಂಗಿಸಿ ನಗುತ್ತಿತ್ತು. ಅವಳು ಒಂದೊಂದು ಬಾವಿಯನ್ನೂ ತಾನೇ ಸೇದಿ ನೋಡಿದಳು. ಕೆಲವು ಕೆಟ್ಟಿದ್ದವು, ಕೆಲವು ಚೆನ್ನಾಗಿದ್ದವು. ಪಾಪ, ಚೆನ್ನಾಗಿದ್ದ ಬಾವಿಯವರೂ ಸುಮ್ಮಸುಮ್ಮನೆ ಗುಡ್ಡ ಹತ್ತಿದ್ದರು!

ಕೇರಿಯವರೆಲ್ಲ ಸೇರಿ ಕೆಂಚಮ್ಮನ ತಿಪ್ಪೆಯನ್ನು ಇಳಿಜಾರಿನ ಆಚೆಗೆ ಸಾಗಿಸಿದರು. ಬಾವಿಯ ನೀರನ್ನೆಲ್ಲ ಹೊರಗೆ ಸೇದಿ ಹಾಕಿ, ನೀರಮ್ಮ ಹೇಳಿದ ಪುಡಿ ಹಾಕಿ ಶುದ್ಧ ಮಾಡಿದರು. ಮತ್ತೆ ಮತ್ತೆ ಪರೀಕ್ಷೆ ಮಾಡಿ, ಶೀಶೆ ಕಪ್ಪಾಗುವುದು ನಿಂತ ಮೇಲೆಯೇ ಕುದಿಸದೆ ಕುಡಿದರು. ಪುಟ್ಟಿಯ ಕೆನ್ನೆ ತುಂಬಿತು. ಪಕ್ಕದ ಮನೆಯ ಸೀಬೆ ಮರ ಹತ್ತಿ ಸಿಕ್ಕಿಬಿದ್ದಳು. ದೂರು ಬಂದಾಗ ಕೆಂಚಮ್ಮ, "ಹತ್ತಲಿ ಬಿಡೇ, ಹತ್ತೋಕೆ ಕಾಲು ಬಂತಲ್ಲ" ಎಂದು ಕಣ್ಣೊರೆಸಿಕೊಂಡು ನಕ್ಕಳು.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆ ಕೊಡವಿಕೊಂಡರು. ಮರುಳಸಿದ್ಧ ತೊಡೆ ತಟ್ಟಿ ನಗುತ್ತಿದ್ದ. "ಎಂಥಾ ಜನ ಗುರುಗಳೇ! ಕಾಯಿಲೆ ತಮಗೆ ಇಟ್ಟುಕೊಂಡು, ವೈದ್ಯನ ಮುಂದೆ ಪಕ್ಕದ ಮನೆಯವನ ಕೈ ಹಿಡಿದು, ನಾಡಿ ನೋಡಿ ಎಂದ ಹಾಗಾಯಿತಲ್ಲ!"

"ಹೌದಪ್ಪಾ," ಎಂದರು ಗುರುಗಳು, "ಪ್ರತಿ ಸೋಮವಾರ ನೀನು ನನ್ನ ಮುಂದೆ ಚಾಚುತ್ತಿರುವುದು ಯಾರ ಕೈ?"

ಮರುಳಸಿದ್ಧನ ನಗು ನಿಂತುಹೋಯಿತು. ಅವನು ಕಡಲೆಕಾಯಿ ಕೆಳಗಿಟ್ಟು, "ಇಷ್ಟು ದಿನ ನಿಮ್ಮ ಮುಂದೆ ತಂದದ್ದು ದೊಣೆಯ ನೀರು ಗುರುಗಳೇ" ಎಂದ.