ಕರಡಿ ಹೇಳಿದ ಸಮಾಧಾನ

ಕಡಲಿನಂಥ ಸರೋವರಗಳಿದ್ದ ಆ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ಕಾಲ. ಎಲೆ ಉದುರುವ ಕಾಲದಲ್ಲಿ ಹೆಬ್ಬಾತಿನ ಹೆಂಡತಿ ತೀರಿಕೊಂಡಳು. ಬಳಗವೆಲ್ಲ ಬೆಚ್ಚನೆಯ ದೇಶಕ್ಕೆ ಹಾರಿತು. ಅವನೊಬ್ಬ ಹಿಮ ಬಿದ್ದರೂ ಅವಳು ಕಟ್ಟಿದ ಜೊಂಡಿನ ಗೂಡು ಕಾಯುತ್ತ ದಡದಲ್ಲೇ ಕೂತ.

ಚಿಗುರಿನ ಕಾಲ ಬಂತು. ದಡದ ಯಜಮಾನ ಕರಡಿ ಗುಹೆಯಿಂದ ಆಕಳಿಸುತ್ತ ಬಂದ. ಒಂಟಿಯಾದವರ ಗೂಡನ್ನು ಹೊಸ ಜೋಡಿಗೆ ಕೊಡಿಸುವುದು ಅವನ ಕೆಲಸ.

"ಇನ್ನೂ ಅಳ್ತಾ ಇದೀಯೇನಯ್ಯಾ? ಚಳಿಗಾಲ ಎಷ್ಟು ಬೇಗ ಕಳೀತು ನೋಡು. ದುಃಖಾನೂ ಹಾಗೇ. ಗೂಡು ಬಿಡು."

"ಬೇಗ ಕಳೀತು ಯಜಮಾನರೇ. ಚಳಿಗಾಲವೆಲ್ಲ ತಮ್ಮ ಗೊರಕೆ ಇಲ್ಲಿಗೂ ಕೇಳಿಸ್ತಿತ್ತು. ಸಂಜೆವರೆಗೆ ನನ್ನ ಪಕ್ಕದಲ್ಲಿ ಕೂತು ಇನ್ನಷ್ಟು ಬುದ್ಧಿ ಹೇಳಿ. ಆಮೇಲೆ ಗೂಡು ಬಿಡ್ತೀನಿ."

ಕರಡಿ ಕೂತ. ಸರೋವರದ ತುಂಬ ಮಂಜುಗಡ್ಡೆ ಇನ್ನೂ ತೇಲುತ್ತಿತ್ತು. ಅದರ ಮೇಲಿಂದ ಗಾಳಿ ಬೀಸಿತು. ಮಧ್ಯಾಹ್ನವಾಗುವ ಮೊದಲೇ ಬುದ್ಧಿಮಾತು ನಿಂತು, ಹಲ್ಲು ಕಟಕಟ ಎಂದವು.

"ಇದೆಂಥಾ ಚಳಿಯೋ! ಚಿಗುರು ಬಂದಿಲ್ವಾ?"

"ಬಂದಿದೆ ಯಜಮಾನರೇ, ಕಾಡಿಗೆ ಬಂದಿದೆ. ನೀರಿಗೆ ಬರೋದು ನಿಧಾನ."

"ಹಾಗಾದ್ರೆ ನೀರಿಗೂ ಬಂದ ಮೇಲೆ ನನ್ನನ್ನ ಎಬ್ಬಿಸು. ಆಗ ಗೂಡಿನ ಮಾತಾಡೋಣ," ಎಂದು ಕರಡಿ ಗುಹೆಗೆ ಓಡಿದ.

ಆಮೇಲೆ ಮಂಜು ಕರಗಿತು, ಬೇಸಿಗೆಯೂ ಬಂತು. ಹೆಬ್ಬಾತು ಯಾರನ್ನೂ ಎಬ್ಬಿಸಲಿಲ್ಲ.