ಹಿಂಬದಿಗೆ ಕೂತ ಸೌರಫಲಕ

ಗೌರಿಹಾಳದ ಹೊಲಿಗೆ ತರಬೇತಿ ಕೇಂದ್ರಕ್ಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೌರಫಲಕವೊಂದನ್ನು ತಂದರು. ಬಾಗಿಲ ಮೇಲಿದ್ದ ನಾಮಫಲಕ ಅದನ್ನು ಕರೆದು, “ರಸ್ತೆಯ ಕಡೆ ನನ್ನ ಪಕ್ಕದಲ್ಲೇ ನಿಲ್ಲು. ಹೋಗಿಬರುವವರೆಲ್ಲ ನೋಡುತ್ತಾರೆ” ಎಂದಿತು.

ಸೌರಫಲಕಕ್ಕೂ ಆಸೆಯಾಯಿತು. “ಅಮ್ಮಾ, ನನ್ನನ್ನು ಮುಂದೆ ಕೂರಿಸಬಾರದೇ?” ಎಂದು ವಿದ್ಯಾರ್ಥಿನಿ ಭೂಮಿಕಾಳನ್ನು ಕೇಳಿತು.

ಮೂರು ದಿನ ಮಾಳಿಗೆಯ ಮೇಲೆ ನಿಂತು ಬಿಸಿಲು ನೆರಳು ಅಳೆದಿದ್ದ ಭೂಮಿಕಾ ಹೇಳಿದಳು: “ರಸ್ತೆ ಉತ್ತರಕ್ಕಿದೆ. ಬಿಸಿಲು ಚೆನ್ನಾಗಿ ಸಿಗುವುದು ದಕ್ಷಿಣಕ್ಕೆ, ಮಾಳಿಗೆಯ ಹಿಂಬದಿಯಲ್ಲಿ. ಒಳಗೆ ಆರು ಹೆಂಗಸರು ಕರೆಂಟಿನ ಯಂತ್ರಗಳಲ್ಲಿ ಹೊಲಿಗೆ ಕಲಿಯುತ್ತಿದ್ದಾರೆ. ನೀನು ಯಾರಿಗಾಗಿ ಬಂದೆ, ಯೋಚಿಸು.”

ಸೌರಫಲಕ ಯೋಚಿಸಿತು. “ಹಾಗಾದರೆ ಹಿಂದಕ್ಕೇ ಕೂರಿಸು” ಎಂದಿತು.

“ಅಲ್ಲಿ ನಿನ್ನನ್ನು ಯಾರೂ ಮೂಸಿಯೂ ನೋಡುವುದಿಲ್ಲ” ಎಂದು ನಾಮಫಲಕ ನಕ್ಕಿತು.

ಹೆಂಗಸರ ಹೊಲಿಗೆ ಪರೀಕ್ಷೆಯ ದಿನ ಹನ್ನೊಂದು ಗಂಟೆಗೆ ಊರಿನ ಕರೆಂಟು ಹೋಯಿತು. ಪರೀಕ್ಷಕರು ಗಾಬರಿಯಿಂದ ಎದ್ದು ನಿಂತರು. ಆದರೆ ಆರು ಯಂತ್ರಗಳಲ್ಲಿ ಒಂದೂ ನಿಲ್ಲಲಿಲ್ಲ. ಹನ್ನೆರಡಕ್ಕೆ ಪರೀಕ್ಷೆ ಮುಗಿಯುವ ಗಂಟೆ ಹೊಡೆಯುವಷ್ಟರಲ್ಲಿ ಆರು ರವಿಕೆಗಳು ಸಿದ್ಧವಾಗಿದ್ದವು. ಹೆಂಗಸರು ಭೂಮಿಕಾಳ ಕೈಹಿಡಿದು ಹಿತ್ತಿಲಿಗೆ ಓಡಿ, ಮಾಳಿಗೆಯತ್ತ ನೋಡಿ ಚಪ್ಪಾಳೆ ತಟ್ಟಿದರು.

“ಹಿಂದುಗಡೆ ಏನದು ಗಲಾಟೆ?” ಎಂದು ನಾಮಫಲಕ ಕೂಗಿ ಕೇಳಿತು.

ಉತ್ತರ ಹೇಳಲು ಸೌರಫಲಕಕ್ಕೆ ಪುರುಸೊತ್ತಿರಲಿಲ್ಲ. ಸೂರ್ಯ ಆಗ ನೆತ್ತಿಯ ಮೇಲಿದ್ದ.